ಸಪ್ಪೆ ಅಡುಗೆ

೧೪ ಜುಲೈ ೧೯೫೭, ರವಿವಾರ

ನಾನು ಚಂದ್ರವ್ವ ಸಾಲಿಮಠ. ಬೈಲಹೊಂಗಲದ ಸಾಲಿಮಠ ಮನೆತನದ ಹಿರಿಯ ಸೊಸೆ. ಬೆಳಗಾವಿಯಲ್ಲಿ ಇಂಗ್ಲಿಷ್ ಆರನೆಯ ಇಯತ್ತೆಯವರೆಗೆ ಓದಿದ್ದೇನೆ. ನನ್ನ ಓರಗೆಯ ಹೆಣ್ಣುಮಕ್ಕಳಿಗೆ ಆಗ ಸಹಿ ಮಾಡಲೂ ಬರುತ್ತಿರಲಿಲ್ಲ. ಮೂವತ್ತನೆಯ ವಯಸ್ಸಿಗೆ ಗಂಡ ಹೋದರು. ಹನ್ನೆರಡು ವರ್ಷದ ಮಗನನ್ನು ಕರೆದುಕೊಂಡು ಮುಂಬಯಿಗೆ ಬಂದೆ, ಕನ್ನಡ ಶಾಲೆಯಲ್ಲಿ ಕಲಿಸಿದೆ, ಅವನನ್ನು ಓದಿಸಿದೆ. ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಈಗ ನನಗೆ ಐವತ್ತೊಂಬತ್ತು. ಭಾಂಡುಪ್‌ನ ಈ ಬಿಲ್ಡಿಂಗಿನ ಕನ್ನಡ ಮನೆಗಳಲ್ಲಿ ಕೂಸಿಗೆ ಲಿಂಗ ಕಟ್ಟುವುದಿರಲಿ, ಹೆಣ್ಣು ನೋಡುವುದಿರಲಿ, ಮೊದಲು ನನ್ನನ್ನು ಕೇಳುತ್ತಾರೆ.

ದಿನಚರಿ ಬರೆಯುವ ಚಟ ನನಗಿಲ್ಲ. ಮಗ ಚನ್ನಬಸಯ್ಯನ ಊಟ, ಪ್ರೆಶರ್ ಬರೆದಿಡಿ ಎಂದು ಡಾಕ್ಟರರು ಹೇಳಿದ್ದಾರೆ. ಅದಕ್ಕಾಗಿ ಈ ಪುಸ್ತಕ.

ಅವನು ಮುಂಬಯಿಯ ಫೋರ್ಟ್ ಪೇಟೆಯಲ್ಲಿ ಬಟ್ಟೆಯ ಕಂಪನಿಯೊಂದರ ಹೆಡ್ ಕ್ಲರ್ಕ್. ಶುಕ್ರವಾರ ಸಂಜೆ ಸ್ಟೇಶನ್ನಿನ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕುಳಿತನಂತೆ. ಯಾರೋ ಟ್ಯಾಕ್ಸಿಯಲ್ಲಿ ತಂದು ಬಿಟ್ಟರು. ನಮ್ಮ ಡಾಕ್ಟರ್ ಸದಾನಂದ ಉಡುಪಿ ಕಡೆಯವರು, ಮೆತ್ತಗೆ ಮಾತಾಡುತ್ತಾರೆ. ತೋಳಿಗೆ ಪಟ್ಟಿ ಸುತ್ತಿ ನೋಡಿ, “ಇನ್ನೂರ ಹತ್ತು ಉಂಟು. ನಲವತ್ತೊಂದು ವರ್ಷಕ್ಕೆ ಇದು ಬಹಳ ಆಯ್ತು. ಹೃದಯ ಹಿಗ್ಗಿದೆ ಅಮ್ಮ. ಹೀಗೇ ಬಿಟ್ಟರೆ ನಾಳೆ ತಲೆಗೆ ಹೊಡೀತದೆ” ಎಂದರು. ಸರ್ಪಗಂಧದ ಗುಳಿಗೆ ಬರೆದರು. ಉಪ್ಪು ಪೂರಾ ಬಂದ್.

ಸೊಸೆ ಗೌರವ್ವ ಕಣ್ಣೊರೆಸಿಕೊಂಡು, “ಅವರ ಅಡಿಗಿ ನಾ ಬ್ಯಾರೆ ಮಾಡ್ತೀನ್ರೀ ಅತ್ತಿ” ಎಂದಳು.

“ನಿನ್ನ ಕೈ ಮೆತ್ತಗ. ಅಂವ ಒಂದ ಹರಳ ಉಪ್ಪ ಕೇಳಿದ್ರ ನೀ ಎರಡ ಹಾಕಾಕಿ. ನಾ ಮಾಡ್ತೀನಿ” ಎಂದೆ.

೧೬ ಜುಲೈ, ಮಂಗಳವಾರ

ಎರಡು ಗಡಿಗೆ. ದೊಡ್ಡದು ಮನೆಯವರಿಗೆ, ಸಣ್ಣದು ಅವನಿಗೆ. ಸಣ್ಣದರಲ್ಲಿ ಉಪ್ಪಿಲ್ಲ.

ಒಲೆಯ ಮೇಲಿನದನ್ನು ನಮ್ಮ ಮನೆಯಲ್ಲಿ ರುಚಿ ನೋಡುವುದಿಲ್ಲ. ಲಿಂಗಕ್ಕೆ ತೋರಿಸುವ ಮೊದಲು ನಾಲಿಗೆಗೆ ಮುಟ್ಟಿಸಿದರೆ ಎಂಜಲು. ಅಂಗೈ ಅಳತೆ, ಕಣ್ಣಳತೆ, ಅಷ್ಟೇ. ತಾಟಿಗೆ ಬಂದ ಮೇಲೆ ಅದು ಪ್ರಸಾದ. ಪ್ರಸಾದಕ್ಕೆ ಖಾರ ಹೆಚ್ಚು, ಹುಳಿ ಕಡಿಮೆ ಎಂದು ಹೆಸರಿಡಬಾರದು. ಬಿಡಬಾರದು. ತಾಟು ತೊಳೆದ ನೀರನ್ನೂ ಕುಡಿಯಬೇಕು. ಚನ್ನಬಸಯ್ಯನಿಗೆ ಇದನ್ನು ಐದನೆಯ ವಯಸ್ಸಿನಲ್ಲಿ ಬೆತ್ತ ಹಿಡಿದು ಕಲಿಸಿದ್ದೇನೆ.

ಇಂದು ಅವನು ಉಪ್ಪಿಲ್ಲದ ಬೇಳೆಯಲ್ಲಿ ರೊಟ್ಟಿ ಮುರಿದು ಅದ್ದಿ, ಕಣ್ಣು ಮುಚ್ಚಿ ನುಂಗಿದ. ತಾಟು ತೊಳೆದು ಕುಡಿದ.

೨೮ ಜುಲೈ, ರವಿವಾರ

ಪ್ರೆಶರ್ ನೂರ ಎಂಬತ್ತೆಂಟು. ಇಳಿದಿದೆ. ಡಾಕ್ಟರರು ನನ್ನನ್ನು ಹೊಗಳಿದರು.

ಅವನ ಮುಖ ಮಾತ್ರ ಬಾಡಿದೆ. ರೊಟ್ಟಿ ಕಂಡರೆ ತಿರುಗಿ ಕೂರುತ್ತಾನೆ. ಕೆಳಗಿನ ಮನೆಯ ಕಿರಾಣಿ ವ್ಯಾಪಾರಿ ಮುರಿಗೆಪ್ಪ ನೋಡಲು ಬಂದಿದ್ದ. “ಉಪ್ಪ ಬಿಟ್ಟವರಿಗೆ ಸಿಟ್ಟ ಕಡಿಮಿ ಆಗ್ತೈತಂತ ಚಂದ್ರವ್ವಾರ. ನೀವೂ ಒಂದ ತಿಂಗಳ ಬಿಟ್ಟ ನೋಡ್ರಲಾ. ಬಿಲ್ಡಿಂಗಿನವರೆಲ್ಲಾ ಕೂಡಿ ನಿಮಗ ಶಾಲ ಹೊಚ್ಚತೀವಿ” ಎಂದ. ಚನ್ನಬಸಯ್ಯ ಹದಿನೈದು ದಿನದಲ್ಲಿ ಮೊದಲ ಸಲ ನಕ್ಕ. ನಾನು ನಗಲಿಲ್ಲ.

೫ ಆಗಸ್ಟ್, ಸೋಮವಾರ

ಶ್ರಾವಣ ಸೋಮವಾರ. ಪೂಜೆ ಮುಗಿಸಿ ಹತ್ತಕ್ಕೆ ಊಟ.

ಮಗ ದಾರಿಗೆ ಬಂದಿದ್ದಾನೆ. ನಾಲ್ಕಾರು ದಿನದಿಂದ ಊಟ ಹಿಡಿಸುತ್ತಿದೆ. ಇಂದು ಬೇಳೆಯನ್ನು ಎರಡು ಸಲ ಹಾಕಿಸಿಕೊಂಡ, ತಾಟನ್ನು ಎರಡು ಸಲ ತೊಳೆದು ಕುಡಿದ. ಎದ್ದು ಹೋಗುವಾಗ ನನ್ನ ಕಡೆ ತಿರುಗಿ ಸಣ್ಣಗೆ ನಕ್ಕ. ಸಣ್ಣವನಿದ್ದಾಗ ಹಾಗೆ ನಕ್ಕರೆ ಏನಾದರೂ ಕದ್ದಿದ್ದಾನೆ ಎಂದು ತಿಳಿಯುತ್ತಿದ್ದೆ. “ಏನು?” ಎಂದೆ. “ಏನಿಲ್ಲವ್ವಾ” ಎಂದ.

ಸಪ್ಪೆಯನ್ನೂ ಪ್ರಸಾದವೆಂದು ಉಣ್ಣುವುದು ಸುಲಭವಲ್ಲ. ನನ್ನ ಶಿಕ್ಷಣ.

ಹಾಲಿನ ಪಾತ್ರೆ ಎಡಗೈಯಿಂದ ಜಾರಿ ಬಿತ್ತು. ಗೌರವ್ವ ಅದನ್ನು ಜಿಡ್ಡು ಹೋಗುವ ಹಾಗೆ ತಿಕ್ಕುವುದೇ ಇಲ್ಲ.

೧೮ ಆಗಸ್ಟ್, ರವಿವಾರ

ಇನ್ನೂರು. ಏರಿದೆ.

ಡಾಕ್ಟರ್ ಸದಾನಂದ ಉಡುಪಿ ಕಡೆಯವರು, ಮೆತ್ತಗೆ ಮಾತಾಡುತ್ತಾರೆ. ಇಂದು ಮಾತ್ರ ಗಡುಸಾಗಿದ್ದರು. “ಎಲ್ಲಿಂದಲೋ ಉಪ್ಪು ಹೋಗ್ತಾ ಉಂಟು ಅಮ್ಮ. ಹೋಟೆಲಾ? ಉಪ್ಪಿನಕಾಯಿಯಾ? ಮನೆಯಲ್ಲೇ ಹುಡುಕಿ.”

ಹುಡುಕಿದೆ. ಗೌರವ್ವನ ಟ್ರಂಕಿನಲ್ಲಿ ತವರಿನಿಂದ ಬಂದ ಮಾವಿನ ಉಪ್ಪಿನಕಾಯಿಯ ಭರಣಿ ಇತ್ತು. ನಡುಮನೆಯಲ್ಲಿ ಇಟ್ಟೆ.

“ಇದೇನು?”

“ನನಗ ಇಟಗೊಂಡೀನ್ರೀ ಅತ್ತಿ. ಅವರಿಗೆ ಒಂದ ಹೋಳ ಕೊಟ್ಟಿಲ್ಲ. ಲಿಂಗದ ಆಣಿ.”

“ಲಿಂಗ ಮುಟ್ಟಿ ಸುಳ್ಳ ಹೇಳಬ್ಯಾಡ. ಗಂಡ ಸತ್ತರ ನಿನಗೇನು, ತವರಾಗ ಹೊಲ ಐತಿ.”

ಅವಳು ಬೆಳ್ಳಗಾದಳು. ಮೊಮ್ಮಗಳು ವನಮಾಲಾ, ಹದಿಮೂರು ವರ್ಷದವಳು, ಮರಾಠಿ ಶಾಲೆಗೆ ಹೋಗಿ ಕೆಟ್ಟಿದ್ದಾಳೆ, ನಡುವೆ ಬಾಯಿ ಹಾಕಿದಳು. “ಆಯಿ, ಅವ್ವಾ ಕಾಹೀ ನಾಹೀ ಕೊಟ್ಟಳು. ನಾ ನೋಡತೆ ಕೀ ರೋಜ್.” ಅವಳ ಕನ್ನಡಕ್ಕೆ ಒಂದು ಪೆಟ್ಟು, ಎದುರುತ್ತರಕ್ಕೆ ಇನ್ನೊಂದು.

ಚನ್ನಬಸಯ್ಯ ಒಳಕೋಣೆಯಲ್ಲಿ ಮಲಗಿದ್ದ. ಎಲ್ಲ ಕೇಳಿಸುತ್ತಿತ್ತು. ಹೊರಗೆ ಬರಲಿಲ್ಲ.

೧೯ ಆಗಸ್ಟ್, ಸೋಮವಾರ

ಉಪ್ಪಿನ ಡಬ್ಬಿಗೆ ಬೀಗ. ಕೀಲಿ ನನ್ನ ಸೊಂಟದಲ್ಲಿ. ಇನ್ನು ಗೌರವ್ವ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಬಾಗಿಲು ಒಳಗಿನಿಂದ ಹಾಕಿಕೊಂಡು ಎರಡೂ ಗಡಿಗೆ ಕುದಿಸಿದೆ, ಇಳಿಸಿದೆ, ಡಬ್ಬಿಗೆ ಮತ್ತೆ ಬೀಗ ಹಾಕಿದೆ. ಈಗ ನೋಡೋಣ.

೮ ಸೆಪ್ಟೆಂಬರ್, ರವಿವಾರ

ಇನ್ನೂರ ಎಂಟು.

ಅವನು ಮತ್ತೆ ಆಫೀಸಿಗೆ ಹೋಗುತ್ತಿದ್ದಾನೆ; ಗೌರವ್ವನ ಕೈಯಿಂದ ಅಲ್ಲವಾದರೆ ಅಲ್ಲಿ ತಿನ್ನುತ್ತಿರಬೇಕು. ಕೇಳಿದರೆ, “ಫೋರ್ಟಿನಾಗಿನ ಹೋಟೆಲ್ ಮೆಟ್ಟಿಲ ಹತ್ತಿಲ್ಲವ್ವಾ. ನೀ ಕಟ್ಟಿದ ಊಟದ ಡಬ್ಬಿ ಬಿಟ್ಟ ಬ್ಯಾರೆ ಮುಟ್ಟಿಲ್ಲ” ಎಂದ. ನನ್ನ ಕಣ್ಣು ನೋಡಿಯೇ ಹೇಳಿದ. ಅವನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ, ಕೆಂಪಾಗಲಿಲ್ಲ.

ಡಾಕ್ಟರರು ಹೊರಡುವ ಮುಂದೆ, “ಅಮ್ಮ, ನಿಮ್ಮ ಕೈ ಒಮ್ಮೆ ಕೊಡಿ ನೋಡುವ” ಎಂದರು. ಬೇಡವೆನ್ನುವಷ್ಟರಲ್ಲಿ ಪಟ್ಟಿ ಸುತ್ತಿದ್ದರು. ಇನ್ನೂರ ಇಪ್ಪತ್ತು. “ತಲೆ ತಿರುಗ್ತದಾ? ಮರೆವು ಉಂಟಾ?”

“ನನ್ನ ಮದುವೆಗೆ ಬಂದ ಎತ್ತಿನ ಬಂಡಿ ಮೂವತ್ತಾರು. ಮುಂದಿನ ಎತ್ತುಗಳ ಹೆಸರು ಹೇಳಲೇನು?” ಎಂದೆ.

ಅವರು ನಗಲಿಲ್ಲ. “ಹಳೆಯದಲ್ಲ ಅಮ್ಮ. ಇವತ್ತು ಬೆಳಿಗ್ಗೆಯದು.”

ಪಟ್ಟಿ ನಾನೇ ಬಿಚ್ಚಿ ಕೊಟ್ಟೆ. ಅವರು ರೋಗಿಯನ್ನು ನೋಡಲು ಬರುವುದು, ರೋಗಿಯ ತಾಯಿಯನ್ನಲ್ಲ.

೧೫ ಸೆಪ್ಟೆಂಬರ್, ರವಿವಾರ

ಮುನಿಸಿಪಾಲಿಟಿಯವರಿಗೆ ಬುದ್ಧಿಯಿಲ್ಲ. ಸ್ಟೇಶನ್ನಿನಿಂದ ಬರುವ ದಾರಿಯನ್ನು ಏನೋ ಮಾಡಿಟ್ಟಿದ್ದಾರೆ. ತರಕಾರಿ ತಂದು ಮನೆಯ ಕಡೆ ಹೊರಟವಳು ಹಳಿ ದಾಟಿ ಮಿಠಾಗರದ ಉಪ್ಪಿನ ಗದ್ದೆಗಳ ಬದಿಗೆ ಬಂದಿದ್ದೆ. ಉಪ್ಪಿನ ರಾಶಿಗಳ ಮಳೆಗಾಲದ ಹೊದಿಕೆ ಇನ್ನೂ ತೆಗೆದಿಲ್ಲ. ಅಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಮುರಿಗೆಪ್ಪ ಸೈಕಲ್ ಇಳಿದು, “ಯಾಕ್ರೀ ಚಂದ್ರವ್ವಾರ, ಇಷ್ಟೂ ಉಪ್ಪಿಗೆ ಬೀಗ ಹಾಕವರೇನ?” ಎಂದ. ಅವನ ಜೊತೆ ಮನೆಗೆ ಬಂದೆ.

ಬೀಗದ ವಿಷಯ ಅವನಿಗೆ ಯಾರು ಹೇಳಿದರು? ಗೌರವ್ವನೇ.

೭ ಅಕ್ಟೋಬರ್, ಸೋಮವಾರ

ಬೆಳಗ್ಗೆ ಏಳಕ್ಕೆ ಚನ್ನಬಸಯ್ಯ ಸ್ನಾನದ ಮೋರಿಯಲ್ಲಿ ಬಿದ್ದ. ಮೈಮೇಲೆ ನೀರು ಹಾಕಿಕೊಳ್ಳುತ್ತಿದ್ದವನು. ಬಾಯಿ ಒಂದು ಕಡೆ ಜಗ್ಗಿದೆ. ಬಲಗೈ, ಬಲಗಾಲು ಇಲ್ಲ. ಮಾತಿಲ್ಲ.

ಮುರಿಗೆಪ್ಪ ಮತ್ತು ಇಬ್ಬರು ಎತ್ತಿಕೊಂಡು ಹೋದರು. ಹೃದಯದ್ದು ತಲೆಗೆ ಹೋಯಿತು.

೨೩ ಅಕ್ಟೋಬರ್, ಬುಧವಾರ

ದೀಪಾವಳಿ ಅಮಾವಾಸ್ಯೆ. ಆಸ್ಪತ್ರೆಯಲ್ಲಿದ್ದೆವು. ವಾರ್ಡಿನಲ್ಲಿ ಅವನ ಪ್ರೆಶರ್ ನೂರ ಎಪ್ಪತ್ತಕ್ಕೆ ಇಳಿದಿದೆ. ಅಲ್ಲಿಯ ಗಂಜಿಗೂ ಉಪ್ಪಿಲ್ಲ. ಅಂದರೆ ಮನೆಯಲ್ಲಿಯೇ ಯಾರೋ ಕೊಡುತ್ತಿದ್ದರು. ಗೌರವ್ವನ ಮುಖಕ್ಕೆ ಹೇಳಿದೆ, ಮಂಚದ ಬದಿಯಲ್ಲಿಯೇ: “ಬ್ಯಾರೆ ಕೀಲಿ ಮಾಡಿಸಿಯೇನು? ನಿನ್ನ ತಮ್ಮಗ ಪತ್ರ ಬರೀತೀನಿ. ಬಂದ ಕರಕೊಂಡ ಹೋಗಲಿ.”

ಚನ್ನಬಸಯ್ಯ ಎಡಗೈ ಎತ್ತಿ ಹಾಸಿಗೆಗೆ ಬಡಿದ. ಏನೋ ಹೇಳುವುದಿತ್ತು. ಬರಲಿಲ್ಲ. ಜೊಲ್ಲು ಬಂತು, ಒರೆಸಿದೆ.

೨ ನವೆಂಬರ್, ಶನಿವಾರ

ಮನೆಗೆ ತಂದೆವು. ಒಂದೆರಡು ಮಾತು ಬರುತ್ತವೆ, ಒಡೆದೊಡೆದು. ಇಂದು ನನ್ನ ಕೈಯ ಬೇಳೆ, ಮೆತ್ತಗೆ ಕಲಸಿದ ರೊಟ್ಟಿ. ನಾನೇ ತಿನ್ನಿಸಿದೆ. ಎಲ್ಲ ಉಂಡ. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡೇ ಉಂಡ. ಬಿಡಿಸಿಕೊಳ್ಳಬಹುದಿತ್ತು. ಬಿಡಿಸಿಕೊಳ್ಳಲಿಲ್ಲ.

ಗೌರವ್ವನ ತಮ್ಮನಿಗೆ ಪತ್ರ ಬರೆದಿದ್ದೇನೆ. ಸೋಮವಾರ ಹಾಕಬೇಕು.

೯ ನವೆಂಬರ್, ಶನಿವಾರ

ಗುರುವಾರ ಮುಂಜಾನೆ ಎದ್ದಾಗ ಗೋಡೆ ತಿರುಗಿತು. ಎಡಗಾಲು ಎಳೆಯುತ್ತಿದೆ. ವಾತ. ಎರಡು ದಿನ ಮಲಗಬೇಕಾಯಿತು. ಬೇರೆ ದಾರಿ ಇಲ್ಲದೆ ಗೌರವ್ವನಿಗೆ ಒಲೆ ಬಿಟ್ಟುಕೊಟ್ಟೆ, ಉಪ್ಪಿನ ಕೀಲಿ ಬಿಟ್ಟುಕೊಡಲಿಲ್ಲ. ಮನೆಯವರೆಲ್ಲ ಎರಡು ದಿನ ಸಪ್ಪೆ ಉಂಡರು.

ಚನ್ನಬಸಯ್ಯ ಅವಳ ಕೈಯಿಂದ ಉಣ್ಣಲಿಲ್ಲ. ಮೊದಲ ತುತ್ತು ಉಗುಳಿದ. ಪ್ರಸಾದವನ್ನು ಉಗುಳಿದ! ಆಮೇಲೆ ತುಟಿ ಬಿಚ್ಚಲಿಲ್ಲ. ಇಂದು ಮಧ್ಯಾಹ್ನ ಅವಳು ನನ್ನ ಹಾಸಿಗೆಯ ಬಳಿ ಬಂದು ನೆಲ ನೋಡುತ್ತ ನಿಂತಳು.

“ಅತ್ತೀ, ಸಿಟ್ಟ ಆಗಬ್ಯಾಡ್ರಿ. ಅವರು ಅಂತಾರ, ಅವ್ವಂದ ಬೇಕು. ಅವ್ವಂದರಾಗ ಉಪ್ಪ ಇರತೈತಿ ಅಂತ.”

“ಯಾರು ಹೇಳಿಕೊಟ್ಟದ್ದು ಅವಗ? ನೀ?”

“ನಾ ಯಾಕ ಹೇಳಿಕೊಡಲ್ರೀ. ಅವರಿಗೆ ಒಂದ ಮಾತೂ ನೆಟ್ಟಗ ಬರವೊಲ್ಲದು.”

“ಹೊರಗ ನಡಿ.”

೧೦ ನವೆಂಬರ್, ರವಿವಾರ

ಎದ್ದೆ. ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಎರಡು ಗಡಿಗೆ ಇಟ್ಟೆ. ಬೇಳೆ ಬೆಂದು ಕುದಿ ಬಂತು, ಇಳಿಸಿದೆ. ಗೌರವ್ವ ಸುಳ್ಳುಗಾತಿ ಎಂದು ತೋರಿಸಲೇಬೇಕಿತ್ತು. ಲಿಂಗಕ್ಕೆ ತೋರಿಸುವ ಮೊದಲೇ ಸಣ್ಣ ಗಡಿಗೆಯಲ್ಲಿ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ಹುಟ್ಟಿದಂದಿನಿಂದ ಮಾಡದ್ದು.

ಉಪ್ಪಿತ್ತು. ಹದವಾಗಿ, ಸರಿಯಾಗಿ, ನಾನು ನಲವತ್ತು ವರ್ಷ ಹಾಕುತ್ತ ಬಂದ ಹಾಗೆ.

ಬಾಗಿಲು ಒಳಗಿನಿಂದ ಹಾಕಿತ್ತು. ಕೀಲಿ ಸೊಂಟದಲ್ಲಿತ್ತು. ಅಂಗೈ ನೋಡಿಕೊಂಡೆ. ಗೆರೆಗಳ ನಡುವೆ ಎರಡು ಹರಳು ಅಂಟಿಕೊಂಡಿದ್ದವು.

ಹಾಕಿದ ನೆನಪಿಲ್ಲ. ಒಂದಿಷ್ಟೂ ಇಲ್ಲ.

ಗಡಿಗೆಯನ್ನು ಮೋರಿಗೆ ಸುರಿದೆ. ಬಾಗಿಲು ತೆರೆದು ಗೌರವ್ವನನ್ನು ಕರೆದು, “ಅಡಿಗಿ ನೀ ಮಾಡು” ಎಂದೆ.

“ಯಾಕ್ರೀ ಅತ್ತಿ? ಮತ್ತ ತಲಿ ತಿರಗಾಕತ್ತೈತೇನು?”

“ಮಾಡು ಅಂದ್ರ ಮಾಡು.”

ಪತ್ರ ಇನ್ನೂ ದಿಂಬಿನ ಕೆಳಗೇ ಇತ್ತು. ಸೋಮವಾರ ಹಾಕಿದ್ದೇನೆ ಎಂದುಕೊಂಡಿದ್ದೆ. ಹರಿದು ಶೇಗಡಿಯ ಕೆಂಡಕ್ಕೆ ಹಾಕಿದೆ.

೧೧ ನವೆಂಬರ್, ಸೋಮವಾರ

ಡಾಕ್ಟರರು ಬಂದರು. ಅವನದು ಮತ್ತೆ ನೂರ ತೊಂಬತ್ತೈದು. “ಇನ್ನೊಮ್ಮೆ ಹೊಡೆದರೆ ಏಳುವುದಿಲ್ಲ ಅಮ್ಮ” ಎಂದರು. ಅವರನ್ನು ಹೊರಗಿನ ಗ್ಯಾಲರಿಗೆ ಕರೆದು, ನಾನಾಗಿ ಕೈ ಕೊಟ್ಟೆ. ಕೈಯಲ್ಲಿ ಕಂಡದ್ದನ್ನೂ ಹೇಳಿದೆ. ಇಷ್ಟು ವರ್ಷ ಮಕ್ಕಳಿಗೆ ಪಾಠ ಒಪ್ಪಿಸಲು ಹೇಳಿದವಳು, ಮೊದಲ ಸಲ ಒಪ್ಪಿಸಿದೆ.

ಅವರು ಪಟ್ಟಿ ಬಿಚ್ಚಿ ಮಡಚಿಟ್ಟರು. “ತಲೆಯೊಳಗೆ ಸಣ್ಣ ಸಣ್ಣ ರಕ್ತನಾಳ ಉಂಟು. ವಯಸ್ಸಿಗೆ, ಪ್ರೆಶರಿಗೆ ಗಟ್ಟಿಯಾಗಿ ಒಂದೊಂದೇ ಮುಚ್ಚಿಕೊಳ್ತದೆ. ಹಳೆಯದೆಲ್ಲ ಇರ್ತದೆ, ಈಗ ಮಾಡಿದ್ದು ನಿಲ್ಲುವುದಿಲ್ಲ. ರೂಢಿ ಇದ್ದ ಕೆಲಸವನ್ನು ಕೈ ತಾನೇ ಮಾಡಿಬಿಡ್ತದೆ.”

“ಅವನ ರೋಗವೇ?”

“ಅದೇ. ಅವರಿಗೆ ಒಂದೇ ದೊಡ್ಡ ಪೆಟ್ಟು. ನಿಮಗೆ ಸಣ್ಣ ಸಣ್ಣದು, ಎಷ್ಟೋ ಆಗಿರಬೇಕು.”

“ಗುಣ?”

“ಇಲ್ಲ ಅಮ್ಮ.”

೧೨ ನವೆಂಬರ್, ಮಂಗಳವಾರ

ಅವನು ಇಂದೂ ಗೌರವ್ವನ ಊಟ ಮುಟ್ಟಲಿಲ್ಲ. ಮೂರು ಗುಟುಕು ಹಾಲು ಅಷ್ಟೇ. ಕೆನ್ನೆ ಒಳಗೆ ಹೋಗಿದೆ. ಬಾಗಿಲು ಸಪ್ಪಳವಾದರೆ ನಾನು ತಾಟು ತಂದೆನೇ ಎಂದು ನೋಡುತ್ತಾನೆ.

ಪಕ್ಕದಲ್ಲಿ ಕುಳಿತು ಕೇಳಿದೆ. “ಬ್ಯಾಳ್ಯಾಗ ಉಪ್ಪ ಇತ್ತಲ್ಲೋ. ನಿನಗ ಗೊತ್ತಿತ್ತು. ಯಾಕ ಹೇಳಲಿಲ್ಲ?”

ಮುಖದ ಅರ್ಧ ಭಾಗ ಮಾತ್ರ ನಕ್ಕಿತು. “ಪರ್… ಸಾದ” ಎಂದ. ಆಮೇಲೆ ಬಹಳ ಕಷ್ಟಪಟ್ಟು ಒಂದೊಂದೇ ಮಾತು ತೆಗೆದ. “ನೀ… ಹೇಳಲಿಲ್ಲ. ನಾನೂ… ಹೇಳಲಿಲ್ಲ.” ನನ್ನ ಮಣಿಕಟ್ಟು ಹಿಡಿದ. “ಅವ್ವಾ… ಮೊದಲನೇ ಸಲ… ನನಗ… ಕರಗಿದಿ.”

ಈಗ ತಿಳಿಯಿತು. ಆ ಸಣ್ಣ ನಗೆ. ಹೆಂಡತಿಯನ್ನು ನಾನು ಬೈಯುವಾಗ ಒಳಗೆ ಮಲಗಿ ಸುಮ್ಮನಿದ್ದದ್ದು. ಡಾಕ್ಟರರ ಕಣ್ಣು ತಪ್ಪಿಸಿ ಅವ್ವ ಕದ್ದು ಉಪ್ಪು ಹಾಕುತ್ತಿದ್ದಾಳೆ, ಹೇಳಿದರೆ ಅವ್ವನ ಮಾನ ಹೋಗುತ್ತದೆ ಎಂದು ಅವನು ನುಂಗಿದ. ಮೂರು ತಿಂಗಳು ನುಂಗಿದ. ನಲವತ್ತೊಂದು ವರ್ಷದಲ್ಲಿ ನಾನು ಅವನನ್ನು ಒಮ್ಮೆಯೂ ತೊಡೆಯ ಮೇಲೆ ಕೂರಿಸಿಕೊಂಡವಳಲ್ಲ. ಸಲಿಗೆ ಕೊಟ್ಟರೆ ಹುಡುಗ ಕೆಡುತ್ತಾನೆ ಎಂದು.

ಗೌರವ್ವ ಬಾಗಿಲಲ್ಲಿ ತಾಟು ಹಿಡಿದು ನಿಂತಿದ್ದಳು. ಅವನು ತಲೆ ಅಲ್ಲಾಡಿಸಿ ನನ್ನ ಕಡೆ ನೋಡಿದ. ಸೊಸೆ ಬಿಡುವುದಿಲ್ಲವೆಂದು ಅವ್ವ ಹೆದರಿದ್ದಾಳೆ, ಇಂದಲ್ಲ ನಾಳೆ ಮತ್ತೆ ತರುತ್ತಾಳೆ ಎಂದುಕೊಂಡಿದ್ದಾನೆ. ನಾನು ಹೀಗೆಯೇ ಸುಮ್ಮನಿದ್ದರೆ ಅವನು ಕಾಯುತ್ತಾನೆ. ಕಾಯುತ್ತಲೇ ಹೋಗಿಬಿಡುತ್ತಾನೆ.

೧೩ ನವೆಂಬರ್, ಬುಧವಾರ

ಮಾಡಿದ್ದನ್ನು ಇಂದೇ ಬರೆದಿಡಬೇಕು. ನಾಳೆಗೆ ಉಳಿಯುತ್ತದೋ ಇಲ್ಲವೋ.

ಬೆಳಗ್ಗೆ ಪೂಜೆ ಮುಗಿಸಿ, ಉಪ್ಪಿನ ಡಬ್ಬಿ, ಕೀಲಿ ಎರಡನ್ನೂ ಗೌರವ್ವನಿಗೆ ಕೊಟ್ಟೆ. “ನೀ ಕೊಟ್ಟಿರಲಿಲ್ಲ. ನಾ ಹಾಕಿದ್ದು. ಎಲ್ಲಾರ ಮುಂದ ನಿನಗ ಅಂದೀನಿ, ಎಲ್ಲಾರ ಮುಂದ ತಿರಗಿ ಅಂತೀನಿ” ಎಂದೆ. ಮುರಿಗೆಪ್ಪನನ್ನು ಕರೆಸಿ ಅವನ ಎದುರಿಗೂ ಹೇಳಿದೆ. ಯಾವಾಗಲೂ ನಗಿಸುವವನು ಚಪ್ಪಲಿ ನೋಡುತ್ತ ನಿಂತ. ಗೌರವ್ವ ಅತ್ತಳು. ನನ್ನ ಕಾಲು ಮುಟ್ಟಲು ಬಂದಳು. ಹಿಂದೆ ಸರಿದೆ. ಮುಟ್ಟಿಸಿಕೊಳ್ಳುವ ಯೋಗ್ಯತೆ ಇಲ್ಲ.

ಆಮೇಲೆ ಒಳಗೆ ಹೋದೆ. ಗೌರವ್ವ ಸಪ್ಪೆ ಬೇಳೆಯ ತಾಟು ಹಿಡಿದು ಮಂಚದ ಆ ಬದಿಗೆ ಕುಳಿತಳು, ನಾನು ಈ ಬದಿಗೆ ನಿಂತೆ. ಕುಳಿತರೆ ಕೈ ಹಿಡಿಯುತ್ತಾನೆ.

“ಚನ್ನಬಸಯ್ಯಾ, ಕೇಳು. ನಾ ಕರಗಿಲ್ಲ. ನಿನ್ನ ಮ್ಯಾಲ ಕನಿಕರ ಬಂದು ಉಪ್ಪ ಹಾಕಲಿಲ್ಲ. ನನ್ನ ತಲಿ ಕೆಟ್ಟೈತಿ. ಹಾಕಬಾರದು ಅನ್ನೂದ ಮರತೆ, ಹಾಕಿದ್ದೂ ಮರತೆ. ಗೊತ್ತಿದ್ದಿದ್ರ ಒಂದ ಹರಳೂ ಹಾಕತಿರಲಿಲ್ಲ. ನೀ ಅತ್ತರೂ ಹಾಕತಿರಲಿಲ್ಲ.”

ಅವನು ನನ್ನ ಮುಖವನ್ನೇ ನೋಡಿದ. ಸುಳ್ಳು ಹುಡುಕುತ್ತಿದ್ದ. ಚಿಕ್ಕಂದಿನಲ್ಲಿ ನಾನು ಅವನ ಮುಖದಲ್ಲಿ ಹುಡುಕುತ್ತಿದ್ದ ಹಾಗೆ. ಸಿಗಲಿಲ್ಲ. ನಾನು ಹೇಳಿದ್ದು ನಿಜವೇ ಆಗಿತ್ತು. ಪೂರ್ತಿ ನಿಜವೋ ಎಂದು ನನ್ನನ್ನೇ ಕೇಳಿಕೊಂಡರೆ ತಿಳಿಯದು. ಆ ಕೈ ಏಕೆ ಹಾಕಿತು ಎಂದು ತಲೆಗೆ ಗೊತ್ತಿಲ್ಲವಲ್ಲ.

“ಇನ್ನ ನಿನಗ ನನ್ನ ಕೈಯಿಂದ ಊಟ ಇಲ್ಲ. ಹಾದಿ ನೋಡಬ್ಯಾಡ.”

ಅವನ ಎಡಗೈ ಹೊದಿಕೆಯ ಮೇಲೆ ಸ್ವಲ್ಪ ಹೊತ್ತು ತಡಕಾಡಿ ನಿಂತಿತು. ನನ್ನ ಮುಖದಿಂದ ಕಣ್ಣು ತೆಗೆದ. ಗೌರವ್ವನ ಕಡೆಗೆ ಹೊರಳಿ ಬಾಯಿ ತೆರೆದ.

ಒಂದು ರೊಟ್ಟಿಯಲ್ಲಿ ಅರ್ಧ ಉಂಡ.